ತಲೆ ತಗ್ಗಿಸಿ ಆಡುವ ಹೊಡೆತ

ಗಾಲ್ಫ್‌ನಲ್ಲಿ ದೂರದ ಹೊಡೆತ ಬೇಗ ಮರಳಿ ಬರುತ್ತದೆ. ತಿಂಗಳುಗಟ್ಟಲೆ ಕ್ಲಬ್ ಎಂಬ ಆ ಕಬ್ಬಿಣದ ಕೋಲನ್ನು ಮುಟ್ಟದಿದ್ದರೂ ಒಂದಿಷ್ಟು ಚೆಂಡು ಹೊಡೆದರೆ ಸೊಂಟ, ಭುಜ ತಮ್ಮ ಕೆಲಸ ನೆನಪಿಸಿಕೊಳ್ಳುತ್ತವೆ. ಮರಳದೆ ಸತಾಯಿಸುವುದು ಸಣ್ಣ ಹೊಡೆತ. ಗುಳಿ ಇನ್ನೇನು ಕೆಲವೇ ಹೆಜ್ಜೆ ದೂರವಿದೆ ಎನ್ನುವಾಗ ಚೆಂಡನ್ನು ಚೂರೇ ಎತ್ತಿ, ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಇಳಿಸಿ, ಅಲ್ಲಿಂದ ತಾನೇ ಉರುಳಲು ಬಿಡುವ ಹೊಡೆತ. ಇದಕ್ಕೆ ಬಲ ಬೇಡ. ಚೆಂಡು ಹೋದ ಮೇಲೂ ತಲೆ ಎತ್ತದೆ, ಅದು ಇದ್ದ ಜಾಗದ ಹುಲ್ಲನ್ನೇ ನೋಡುತ್ತ ನಿಲ್ಲುವ ತಾಳ್ಮೆ ಬೇಕು. ತಲೆ ಎತ್ತಿದರೆ ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಆಗ ಅದು ಮೇಲೇಳದೆ, ನೆಲದ ಮಟ್ಟದಲ್ಲೇ ಕಲ್ಲೆಸೆದಂತೆ ನುಗ್ಗುತ್ತದೆ.

ಒಬ್ಬಳೇ ಇದ್ದರೆ ನನಗೆ ಈಗಲೂ ತಲೆ ತಗ್ಗಿಸಲು ಆಗುವುದಿಲ್ಲ. ಚೆಂಡಿನ ಮೇಲೆ ಬಗ್ಗಿ ನಿಂತೊಡನೆ ಕತ್ತಿನ ಹಿಂಭಾಗ ತಣ್ಣಗಾಗುತ್ತದೆ. ಹಿಂದೆ ಯಾರಿದ್ದಾರೆ, ಅವರ ಕೈಯಲ್ಲಿ ಏನಿದೆ, ಆ ಕೈ ಭುಜಕ್ಕಿಂತ ಮೇಲೇರಿದೆಯೇ, ಇಷ್ಟು ತಿಳಿಯದೆ ಸುಮ್ಮನೆ ಹುಲ್ಲು ನೋಡುತ್ತ ನಿಲ್ಲಲಾರೆ. ಕಳೆದುಹೋದ ಆ ಹೊಡೆತವನ್ನು ಮರಳಿ ಪಡೆಯಲು ನಾನೂ ಭಾವನೂ ಪಟ್ಟ ಪಾಡನ್ನು ಬರೆಯೋಣವೆಂದು ಕುಳಿತರೆ, ಮೊದಲು ಬರೆಯಬೇಕಾಗುವುದು 2005ರ ಆ ಬೆಳಗನ್ನೇ.

ಆಗ ನಾನು ಅಮೆರಿಕದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿದ್ದುಕೊಂಡು ಎಲ್ ಸೆಗುಂಡೋದ ಒಂದು ಆಫೀಸಿಗೆ ಓಡಾಡುತ್ತಿದ್ದೆ. ಅಕ್ಕನ ಮನೆ ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ. ವಾರಾಂತ್ಯ ಬಂತೆಂದರೆ ಕಾರು ತಾನಾಗಿ ದಕ್ಷಿಣಕ್ಕೆ ತಿರುಗುತ್ತಿತ್ತು. ಅಕ್ಕನ ಅಡುಗೆ ಒಂದು ಕಾರಣ, ಭಾವನ ಗಾಲ್ಫ್ ಇನ್ನೊಂದು. ಭಾವ ಧಾರವಾಡದ ಕಡೆಯವರು, ಟೆಲಿಕಾಂ ಎಂಜಿನಿಯರ್. ಆಫೀಸಿನವರೊಂದಿಗೆ ಒಮ್ಮೆ ಆಡಲು ಹೋಗಿ ಹುಚ್ಚು ಹಿಡಿಸಿಕೊಂಡವರು. ಅಕ್ಕನಿಗೆ ಈ ಆಟವೆಂದರೆ ಸಿಟ್ಟು, ಮಗಳಿಗೆ ಬೇಸರ. ಹಾಗಾಗಿ ನಾದಿನಿಯಾದ ನನಗೆ ಕಲಿಸಿದರು. ಅವರ ಮನೆಯ ಹತ್ತಿರ ಒಂಬತ್ತು ಗುಳಿಗಳ ಚಿಕ್ಕ ಮೈದಾನವಿತ್ತು. ಅದರ ಪಕ್ಕದಲ್ಲಿ ಸಣ್ಣ ಹೊಡೆತ ಅಭ್ಯಾಸ ಮಾಡಲೆಂದೇ ಒಂದು ಹುಲ್ಲುಗಾವಲು. ದುಡ್ಡು ಕೊಡದೆ ಯಾರು ಬೇಕಾದರೂ ಆಡಬಹುದಾಗಿದ್ದರಿಂದ ನಮ್ಮ ಠಿಕಾಣಿ ಅಲ್ಲಿಯೇ.

ಆ ಚಳಿಗಾಲದಲ್ಲಿ ಮಳೆ ಬಿಡಲೇ ಇಲ್ಲ. ಬಿಸಿಲಿಗೆ ಹೆಸರಾದ ಊರಿನಲ್ಲಿ ಗುಡ್ಡ ಜರಿಯುವಷ್ಟು ಸುರಿಯಿತು. ಮೈದಾನದಲ್ಲಿ ನೀರು ನಿಂತು ತಿಂಗಳುಗಟ್ಟಲೆ ಬಾಗಿಲು ಹಾಕಿದರು. ಆಫೀಸಿನಲ್ಲಿ ನನಗೂ ಉಸಿರಾಡಲು ಬಿಡುವಿರಲಿಲ್ಲ. ಮತ್ತೆ ನಾವು ಕ್ಲಬ್ ಹಿಡಿದದ್ದು ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ. ಹುಲ್ಲು ಇನ್ನೂ ಒದ್ದೆಯಿತ್ತು, ಅಭ್ಯಾಸಕ್ಕೆಂದು ತೋಡಿದ ಮರಳಿನ ಹಳ್ಳದಲ್ಲಿ ಮರಳು ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿತ್ತು.

ನನ್ನ ಮೊದಲ ಹೊಡೆತ ಚೆಂಡಿಗಿಂತ ಹಿಂದೆ ಬಿದ್ದು ಒಂದು ಹಿಡಿ ಮಣ್ಣು ಹಾರಿತು. ಚೆಂಡು ಕೂತಲ್ಲೇ ಕೂತಿತು.

"ಶಭಾಷ್," ಎಂದರು ಭಾವ. "ಆಲೂಗಡ್ಡಿ ಕೀಳ್ಲಿಕ್ಕೆ ಬಂದೀ ಏನ್?"

"ನಿಮ್ಮದು ನೋಡೋಣ ಬನ್ನಿ."

"ನೋಡು. ಕೈ ಸಡಿಲ ಬಿಡಬೇಕು. ರೊಟ್ಟಿ ತಟ್ಟೂ ಕೈ ಹೆಂಗಿರ್ತದ, ಹಂಗ. ನಿಮ್ಮಕ್ಕ ತಟ್ಟಿದ ರೊಟ್ಟಿ ಅಲ್ಲ ಮತ್ತ."

"ಅಕ್ಕನಿಗೆ ಹೇಳ್ತೀನಿ."

"ಹೇಳು. ಅಕಿಗೆ ಗೊತ್ತಿಲ್ದ ಸಂಗ್ತಿ ಏನದು."

ಅವರದೂ ಅದೇ ಗತಿ. ಒಂದು ಚೆಂಡು ನಾಲ್ಕು ಮಾರು ಹೋಗಿ ನಿಂತಿತು, ಇನ್ನೊಂದು ಹುಲ್ಲುಗಾವಲನ್ನೇ ದಾಟಿ ಪೊದೆಗೆ ಹೋಯಿತು. ನಾವಿಬ್ಬರೂ ನಕ್ಕೆವು. ಜೋರಾಗಿಯೇ ನಕ್ಕೆವು. ಆ ನಗು ಅಲ್ಲಿದ್ದ ಇನ್ನೊಬ್ಬನಿಗೆ ಹೇಗೆ ಕೇಳಿಸಿರಬಹುದೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಹುಲ್ಲುಗಾವಲಿನ ಆಚೆ ತುದಿಯಲ್ಲಿ ಅವನೊಬ್ಬನೇ ಅಭ್ಯಾಸ ಮಾಡುತ್ತಿದ್ದ. ಬೂದು ಬಣ್ಣದ ದಪ್ಪ ಅಂಗಿ, ಕಿವಿಯಲ್ಲಿ ಇಯರ್‌ಫೋನ್. ವಯಸ್ಸು ಐವತ್ತರ ಆಸುಪಾಸು, ದೊಡ್ಡ ಆಳು. ಅವನ ಕೈಯಿಂದಲೂ ಸಣ್ಣ ಹೊಡೆತ ತಪ್ಪಿಹೋಗಿತ್ತು. ಪ್ರತಿ ಸಲ ತಪ್ಪಿದಾಗ ಕ್ಲಬ್ಬನ್ನು ನೆಲಕ್ಕೆ ಕುಟ್ಟುತ್ತಿದ್ದ. ಒಮ್ಮೆ ತನ್ನ ಚೀಲವನ್ನೇ ಒದ್ದ. ಗಾಲ್ಫ್ ಆಡುವವರಲ್ಲಿ ಇಂಥವರನ್ನು ಕಂಡಿದ್ದೆ, ಗಮನ ಕೊಡಲಿಲ್ಲ.

ಭಾವ ಮತ್ತೊಂದು ಚೆಂಡು ಇಟ್ಟುಕೊಂಡರು. ಕ್ಲಬ್ ಹಿಂದಕ್ಕೆ ಹೋಯಿತು, ಅರ್ಧ ದಾರಿಯಲ್ಲಿ ಅವರ ತಲೆ ಎದ್ದಿತು. 'ಟಣ್' ಎಂಬ ತೆಳು ಸದ್ದು. ಚೆಂಡು ಒದ್ದೆ ಹುಲ್ಲನ್ನು ಸೀಳಿಕೊಂಡು ಹೋಗಿ ಆ ಮನುಷ್ಯನ ಪಾದದ ಗಂಟಿಗೆ ಬಡಿಯಿತು. ಮೂಳೆಗೆ ತಾಗಿದ ಸದ್ದು ನನಗೂ ಕೇಳಿಸಿತು. ಅವನು ಕಾಲು ಎತ್ತಿಕೊಂಡು ಒಂದು ಕಾಲ ಮೇಲೆ ತಿರುಗಿದ.

"ಸಾರಿ! ಸಾರಿ ಸಾರಿ!" ಎನ್ನುತ್ತ ಭಾವ ಓಡಿದರು.

ಮುಂದೆ ಆದದ್ದು ನಮ್ಮವರಿಗೆ ಹೇಳಿದರೆ ಒಂದೇ ಮಾತಿಗೆ ಅರ್ಥವಾಗುತ್ತದೆ, ಬೇರೆಯವರಿಗೆ ಎಷ್ಟು ಹೇಳಿದರೂ ಆಗುವುದಿಲ್ಲ. ನಮ್ಮ ಕಾಲು ಯಾರಿಗಾದರೂ ತಾಗಿದರೆ ಬಗ್ಗಿ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ, ಎಲ್ಲಾದರೂ. ಇದನ್ನು ಯೋಚಿಸಿ ಮಾಡುವುದಿಲ್ಲ. ಸೀನಿದಾಗ ಕಣ್ಣು ಮುಚ್ಚುವಂತೆ ಆಗಿಹೋಗುತ್ತದೆ. ಭಾವ ಅಷ್ಟು ವರ್ಷ ಅಮೆರಿಕದಲ್ಲಿದ್ದರೂ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಯಾರಿಗಾದರೂ ಶೂ ತಾಗಿದರೆ ಕೈ ತಾನಾಗಿ ಹೋಗಿಬಿಡುತ್ತಿತ್ತಂತೆ. ಅವತ್ತು ಅವರ ಚೆಂಡು ಒಬ್ಬನ ಕಾಲಿಗೆ ಬಡಿದಿತ್ತು. ಅವರು ಓಡಿಹೋಗಿ, ಕೈಯಲ್ಲಿ ಕ್ಲಬ್ ಇದ್ದಂತೆಯೇ ಬಗ್ಗಿ, ಅವನ ಪಾದದ ಕಡೆ ಕೈ ಚಾಚಿದರು.

ಅವನಿಗೆ ಕಂಡದ್ದು ಬೇರೆ. ಯಾರೋ ಒಬ್ಬ ಚೆಂಡಿನಿಂದ ಹೊಡೆದು, ಕೋಲು ಹಿಡಿದು ಓಡಿಬಂದು, ನಿಂತಿರುವ ಒಂದೇ ಕಾಲಿಗೆ ಕೈ ಹಾಕುತ್ತಿದ್ದಾನೆ.

ಅವನ ಕ್ಲಬ್ ಮೇಲೇರಿದ್ದನ್ನು ನಾನು ನೋಡಿದೆ. ಗಾಲ್ಫ್ ಆಡುವವರು ಹಾಗೆ ಎತ್ತುವುದಿಲ್ಲ, ಸೌದೆ ಒಡೆಯುವವರು ಎತ್ತುತ್ತಾರೆ. ಎರಡೂ ಕೈಯಲ್ಲಿ ಹಿಡಿದು ನೇರ ತಲೆಯ ಮೇಲೆ. ಭಾವ ಬಗ್ಗಿದ್ದರಿಂದ ಅವರಿಗೆ ಅದು ಕಾಣಲಿಲ್ಲ. ನನ್ನ ಬಾಯಿಂದ "ಭಾವಾ" ಎಂದು ಹೊರಡುವಷ್ಟರಲ್ಲಿ ಕಬ್ಬಿಣ ಇಳಿಯಿತು.

ಮೊದಲನೆಯದು ಭುಜದ ಮೇಲೆ. ಹಸಿ ಕೊಂಬೆ ಮುರಿದ ಸದ್ದು. ಭಾವ ಮಂಡಿಯೂರಿದರು. ಎರಡನೆಯದನ್ನು ತಡೆಯಲು ಬಲಗೈಯನ್ನು ತಲೆಯ ಮೇಲಿಟ್ಟುಕೊಂಡರು, ಅದು ಆ ಕೈಯ ಮೇಲೆಯೇ ಬಿತ್ತು. ಬೆರಳುಗಳು ಬಾಗಬಾರದ ಕಡೆಗೆ ಬಾಗಿದವು. ಮೂರನೆಯದು ಜಾರಿ ಕಿವಿಯನ್ನು ಹರಿದುಕೊಂಡು ಹೋಯಿತು. ಕನ್ನಡಕ ಹಾರಿತು. ಅವರು ಮುಖ ಕೆಳಗಾಗಿ ಬಿದ್ದರು. ಆ ನುಣುಪು ಹುಲ್ಲಿನ ಮೇಲೆ ರಕ್ತ ಇಂಗದೆ ಮಣಿಮಣಿಯಾಗಿ ನಿಂತದ್ದು ನನ್ನ ಕಣ್ಣಿನಿಂದ ಹೋಗುವುದಿಲ್ಲ. ಅವನು ಒಂದು ಮಾತನ್ನೂ ಆಡಲಿಲ್ಲ. ಬೈಯಲೂ ಇಲ್ಲ. ಉಸಿರು ಬಿಡುವ ಸದ್ದು ಮಾತ್ರ, ಪ್ರತಿ ಏಟಿಗೂ ಒಂದೊಂದು.

"ಬಿಡೋ! ಬಿಡೋ ಅವರನ್ನ! ಸಾಯ್ತಾರೋ!" ಎಂದು ಕಿರುಚಿದೆ. ಹತ್ತು ವರ್ಷ ಇಂಗ್ಲಿಷಿನಲ್ಲಿ ಓದಿದವಳು, ಇಂಗ್ಲಿಷಿನಲ್ಲೇ ಸಂಬಳ ಎಣಿಸುವವಳು, ಒಂದು ಇಂಗ್ಲಿಷ್ ಶಬ್ದವೂ ಬರಲಿಲ್ಲ. ಕಾಲ ಬಳಿ ಇದ್ದ ಚೆಂಡುಗಳನ್ನು ಎತ್ತಿ ಅವನ ಮೇಲೆ ಎಸೆಯತೊಡಗಿದೆ. ಒಂದು ಬೆನ್ನಿಗೆ ಬಡಿಯಿತು. ಅವನು ತಿರುಗಿದ.

ಆಮೇಲೆ ಅವನು ನನ್ನ ಕಡೆ ಬಂದ. ಓಡಿ ಬರಲಿಲ್ಲ, ನಡೆದು ಬಂದ. ಅದಕ್ಕೇ ಹೆಚ್ಚು ಭಯವಾದದ್ದು. ಓಡಿ ಬಂದಿದ್ದರೆ ನಾನೂ ಓಡುತ್ತಿದ್ದೆನೇನೋ. ಆ ನಡಿಗೆಯನ್ನು ನೋಡುತ್ತ ಹಿಂದೆ ಹಿಂದೆ ಸರಿದು ಮರಳಿನ ಹಳ್ಳದೊಳಗೆ ಅಂಗಾತ ಬಿದ್ದೆ. ಅವನು ಅಂಚಿನ ಮೇಲೆ ನಿಂತು ಬೀಸಿದ. ಏಟು ಅಂಚಿಗೆ ತಾಗಿ ಒದ್ದೆ ಮರಳು ನನ್ನ ಬಾಯಿಗೆ, ಕಣ್ಣಿಗೆ ತುಂಬಿತು. ಎದ್ದು, ಕೈಯಲ್ಲೇ ಉಳಿದಿದ್ದ ನನ್ನ ಕ್ಲಬ್ಬನ್ನು ಎರಡೂ ತುದಿಯಲ್ಲಿ ಹಿಡಿದು ಮುಖದ ಮುಂದೆ ಅಡ್ಡ ಇಟ್ಟೆ. ಮತ್ತೆ ಬೀಸಿದ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಮೊಣಕೈವರೆಗೂ ಜೋಮು ಹಿಡಿಯಿತು. ಅವನ ಕ್ಲಬ್ ಮುರಿದು ಅದರ ತಲೆ ನನ್ನ ಕಿವಿಯ ಪಕ್ಕದಲ್ಲಿ ಗುಂಯ್ ಎಂದು ಹಾರಿಹೋಯಿತು.

ಅವನ ಕೈಯಲ್ಲಿ ಉಳಿದದ್ದು ಚೂಪಾಗಿ ಮುರಿದ ಉಕ್ಕಿನ ಕೊಳವೆ. ಅವನು ಅದರ ತುದಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆಮೇಲೆ ತಿರುಗಿ, ಹುಲ್ಲಿನ ಮೇಲೆ ಮಂಡಿಯೂರಿ ಎಡಗೈಯಿಂದ ಕನ್ನಡಕ ತಡಕಾಡುತ್ತಿದ್ದ ಭಾವನ ಕಡೆ ಹೊರಟ.

ದೂರದ ಹೊಡೆತ ಅಭ್ಯಾಸ ಮಾಡುವ ಬಯಲಿನಲ್ಲಿ ಬಿದ್ದ ಚೆಂಡುಗಳನ್ನು ಗುಡಿಸಿಕೊಳ್ಳಲು ಸುತ್ತ ಜಾಲರಿ ಕಟ್ಟಿದ ಒಂದು ಗಾಡಿ ಇರುತ್ತದೆ. ನನ್ನ ಕಿರುಚಾಟ ಕೇಳಿ ಅದನ್ನು ಓಡಿಸುತ್ತಿದ್ದ ಹೆಂಗಸು ಬೇಲಿ ದಾಟಿಸಿ, ಯಾರೂ ಬೂಟು ಎಳೆದು ಕೂಡ ನಡೆಯಬಾರದ ಆ ಹುಲ್ಲಿನ ಮೇಲೆ ನೇರ ನುಗ್ಗಿಸಿದಳು. ಗಾಡಿ ಭಾವನಿಗೂ ಅವನಿಗೂ ನಡುವೆ ನಿಂತಿತು. ಅವನು ಕೊಳವೆಯನ್ನು ಜಾಲರಿಯೊಳಗೆ ಚುಚ್ಚಿದ, ಎಳೆದ, ಮತ್ತೆ ಚುಚ್ಚಿದ. ಅವಳು ಒಳಗೆ ಬಗ್ಗಿಕೊಂಡು ಹಾರ್ನ್ ಒತ್ತಿ ಹಿಡಿದಳು. ಎಷ್ಟು ಹೊತ್ತೋ ತಿಳಿಯದು. ಕೊಳವೆ ಜಾಲರಿಯಲ್ಲಿ ಸಿಕ್ಕಿಕೊಂಡು ಅವನ ಕೈಯಿಂದ ಜಾರಿತು. ಅಷ್ಟಕ್ಕೇ ಅವನೊಳಗಿನದು ಮುಗಿದಂತಾಯಿತು. ಹೋಗಿ ಬೆಂಚಿನ ಮೇಲೆ ಕುಳಿತ. ಪೊಲೀಸರು ಬಂದಾಗ ಅವನು ತನ್ನ ಇನ್ನೊಂದು ಕ್ಲಬ್ಬಿನ ಗೀರುಗಳಲ್ಲಿ ಸಿಕ್ಕಿದ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದ. ಆಟ ಮುಗಿಸಿದವರು ಮಾಡುವಂತೆ.

ಆಸ್ಪತ್ರೆಯಲ್ಲಿ ಭುಜದ ಮೂಳೆ ಮುರಿದಿದೆ ಎಂದರು, ಬಲಗೈ ಪುಡಿಯಾಗಿದೆ, ತಗಡು ಕೂಡಿಸಬೇಕು ಎಂದರು. ಕಿವಿಗೆ ಹೊಲಿಗೆ ಹಾಕಿದರು. ಪೊಲೀಸ್ ಅಧಿಕಾರಿ ಒಳ್ಳೆಯವನೇ, ಆದರೆ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದ. ನಿಮ್ಮ ಭಾವ ಅವನ ಕಾಲು ಹಿಡಿದದ್ದು ಏಕೆ? ಕ್ಷಮೆ ಕೇಳಲು ಎಂದೆ. ಬಾಯಲ್ಲಿ ಕೇಳಿದ್ದರಲ್ಲ? ಹೌದು, ಕೇಳಿದ್ದರು. ಮತ್ತೆ ಕಾಲು? ನಾನು ಎದ್ದು ಅವನಿಗೆ ಮಾಡಿ ತೋರಿಸಿದೆ. ಬಗ್ಗಿ, ಅವನ ಬೂಟಿನ ಕಡೆ ಕೈ ಚಾಚಿದೆ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಅವನ ಕೈ ಸೊಂಟದ ಪಿಸ್ತೂಲಿನ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ಇಬ್ಬರೂ ಆ ಕೈಯನ್ನು ನೋಡಿದೆವು. ಅವನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಅಕ್ಕ ಅತ್ತು ಮುಗಿದ ಮೇಲೆ ಬೈಯಲು ಶುರು ಮಾಡಿದಳು. "ಯಾರ್ ಯಾರ್ ಕಾಲಿಗೋ ಬೀಳೋಕೆ ಹೋಗ್ತೀರಲ್ಲ, ಅಮೆರಿಕಾಗೆ ಬಂದು ಇಷ್ಟ್ ವರ್ಷ ಆಯ್ತು, ಗೊತ್ತಾಗಲ್ವೇನ್ರೀ?"

"ಕಾಲಿಗೆ ಬಿದ್ದಿಲ್ಲ ಮಾರಾಯ್ತಿ, ಮುಟ್ಲಿಕ್ಕೆ ಹೋಗಿದ್ದೆ," ಎಂದರು ಭಾವ, ಬ್ಯಾಂಡೇಜಿನೊಳಗಿಂದ. "ಬಿದ್ದದ್ದು ಆಮ್ಯಾಲೆ."

ಮಗಳು ಬಾಗಿಲ ಬಳಿ ನಿಂತು, "ಅಪ್ಪಾ, ದಟ್ಸ್ ನಾಟ್ ಫನ್ನಿ," ಎಂದು ಬಿಕ್ಕಿದಳು.

ಹೊಡೆದವನು ತಪ್ಪೊಪ್ಪಿಕೊಂಡ. ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿ ಬರಲಿಲ್ಲ. ಹೇಳಿದ್ದರೆ ಬಹುಶಃ ಒಂದು ಸಲಕ್ಕೆ ಮುಗಿಯುತ್ತಿತ್ತು. ಈಗ ತಲೆಯೊಳಗೆ ದಿನಾ ಹೇಳುತ್ತಿದ್ದೇನೆ. ಫ್ರೀವೇಯಲ್ಲಿ ಕಾರುಗಳು ನಿಂತುಬಿಟ್ಟಾಗ ಶುರುವಾಗುತ್ತದೆ. ಯಾವಾಗಲೂ ಆ 'ಟಣ್' ಸದ್ದಿನಿಂದಲೇ. ಚೆಂಡು ಹೊರಡುತ್ತದೆ. ಕೆಲವು ಸಲ ನಾನು ಅದನ್ನು ಅವನ ಕಾಲಿಗಿಂತ ಒಂದು ಗೇಣು ಈಚೆಗೆ ನಿಲ್ಲಿಸುತ್ತೇನೆ. ಕೆಲವು ಸಲ ಭಾವ ಓಡುವ ಮೊದಲೇ ಅವರ ಅಂಗಿ ಹಿಡಿದೆಳೆಯುತ್ತೇನೆ. ಎಷ್ಟು ಬದಲಿಸಿದರೂ ಕ್ಲಬ್ ಮೇಲೇರುತ್ತದೆ, ಇಳಿಯುತ್ತದೆ. ಹಿಂದಿನ ಕಾರಿನವರು ಹಾರ್ನ್ ಮಾಡಿದಾಗ ಗಾಡಿ ಬಂತೆಂದು ಒಂದು ಕ್ಷಣ ಸಮಾಧಾನವಾಗುತ್ತದೆ. ಆಫೀಸಿನಲ್ಲಿ ಯಾರೋ ಕಾಫಿ ಮಗ್ ಕೆಳಗೆ ಬೀಳಿಸಿದಾಗ ನಾನು ಮೇಜಿನ ಕೆಳಗಿದ್ದೆ. ಹೇಗೆ ಹೋದೆನೋ ನೆನಪಿಲ್ಲ.

ಭಾವನ ಕೈಗೆ ವ್ಯಾಯಾಮ ಹೇಳಿಕೊಟ್ಟರು. ಮೆತ್ತನೆಯ ಮಣ್ಣನ್ನು ಹಿಸುಕಬೇಕು. ಅಕ್ಕ, "ಮಣ್ಣು ಯಾಕೆ?" ಎಂದು ಚಪಾತಿ ಹಿಟ್ಟಿನ ಪಾತ್ರೆ ಅವರ ಮುಂದಿಟ್ಟಳು. ಕಿರುಬೆರಳು, ಉಂಗುರ ಬೆರಳು ಕೊನೆಗೂ ಪೂರ್ತಿ ಮಡಚಲಿಲ್ಲ. ಮುಂದಿನ ಚಳಿಗಾಲವೂ ಕಳೆಯಿತು. ಕ್ಲಬ್ಬುಗಳು ಗ್ಯಾರೇಜಿನಲ್ಲಿದ್ದವು. ಅವುಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅಕ್ಕನಂತೂ ಅವನ್ನು ಹಳೆಯ ಹೊದಿಕೆಯಿಂದ ಮುಚ್ಚಿದ್ದಳು.

ಆ ವಸಂತದಲ್ಲಿ ಭಾವ ಒಬ್ಬರೇ ಡ್ರೈವ್ ಮಾಡಿಕೊಂಡು ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಡಿಕ್ಕಿಯಲ್ಲಿ ಇಬ್ಬರ ಕ್ಲಬ್ಬುಗಳೂ ಇದ್ದವು.

"ನಿಮ್ಮಕ್ಕಗ ಕಾನ್ಫರೆನ್ಸ್ ಅದ ಅಂತ ಹೇಳೇನಿ."

"ನನಗೆ ಆಗಲ್ಲ ಭಾವ."

"ನನಗೂ ಆಗೂದಿಲ್ಲ. ಈ ಕೈ ನೋಡು, ಚಮಚಾ ಹಿಡೀಲಿಕ್ಕೂ ಬರೂದಿಲ್ಲ. ಅದಕ್ಕs ಬಂದೀನಿ. ಆಗೂದಿಲ್ಲ ಅಂತಿರು, ಆದ್ರ ಅಲ್ಲಿ ನಿಂತು ಅನ್ನು."

ನನ್ನ ಮನೆಯ ಹತ್ತಿರ ಒಂದು ಸಾರ್ವಜನಿಕ ಮೈದಾನವಿತ್ತು. ಕೆಲಸದ ದಿನ, ಮಧ್ಯಾಹ್ನ. ಅಭ್ಯಾಸದ ಹುಲ್ಲಿನ ಮೇಲೆ ನಾವಿಬ್ಬರೇ. ಭಾವ ಎಡಗೈಯನ್ನು ಕೆಳಗೆ, ಬಲಗೈಯನ್ನು ಮೇಲೆ ಇಟ್ಟು, ಉಲ್ಟಾ ಹಿಡಿತದಲ್ಲಿ ಆಡಿದರು. ಕುರೂಪವಾಗಿತ್ತು. ನಾಲ್ಕಾರು ಚೆಂಡು ಎಲ್ಲೆಲ್ಲೋ ಹೋದವು. ಆಮೇಲೆ ಒಂದು ಮೆತ್ತಗೆ ಎದ್ದು, ಇಳಿದು, ಗುಳಿಯ ಹತ್ತಿರ ನಿಂತಿತು. ಅವರು ಮೂಗು ಒರೆಸಿಕೊಂಡರು.

ನಾನು ಚೆಂಡಿನ ಮೇಲೆ ಬಗ್ಗಿದೆ. ಎದ್ದು ಹಿಂದೆ ನೋಡಿದೆ. ಮತ್ತೆ ಬಗ್ಗಿದೆ. ಪ್ರತಿ ಹೊಡೆತಕ್ಕೂ ತಲೆ ಎದ್ದಿತು, ಪ್ರತಿ ಸಲವೂ ಚೆಂಡು ನೆಲಕ್ಕಂಟಿ ನುಗ್ಗಿತು. ಆ ತೆಳು ಸದ್ದು ಕೇಳಿದಾಗಲೆಲ್ಲ ತಿರುಗಿ ಭಾವನನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಪಾರ್ಕಿಂಗ್ ಕಡೆಯಿಂದ ಒಬ್ಬ ಮನುಷ್ಯ ಬಂದ. ಇಯರ್‌ಫೋನ್ ಹಾಕಿಕೊಂಡಿದ್ದ. ಹುಲ್ಲಿನ ಆಚೆ ಬದಿಯಲ್ಲಿ ಚೀಲ ಇಳಿಸಿದ.

"ಭಾವ, ಹೋಗೋಣ."

"ಯಾಕ?"

"ಕ್ಲಬ್ ತೆಗೀತಿದಾನೆ."

"ಗಾಲ್ಫ್ ಆಡ್ಲಿಕ್ಕೆ ಬಂದಾವ ಕ್ಲಬ್ ತಗೀದ ಹಾರ್ಮೋನಿಯಂ ತಗೀತಾನೇನು?"

ನಗು ಬಂತು. ಆದರೂ ಕ್ಲಬ್ಬನ್ನು ಚೀಲಕ್ಕೆ ತುರುಕತೊಡಗಿದೆ. ಭಾವ ನನ್ನ ಕೈಗಳನ್ನು ನೋಡಿದರು, ಅವನನ್ನು ನೋಡಿದರು. ಅವರ ಕತ್ತಿನಲ್ಲಿ ಒಂದು ನರ ಹಾರುತ್ತಿತ್ತು.

"ಒಂದ್ ಕೆಲ್ಸ ಮಾಡೂಣು. ನಾ ಅವನ ಕಡೆ ಮಾರಿ ಮಾಡಿ ನಿಂದರ್ತೀನಿ. ಕಣ್ಣು ತಗಿಯೂದಿಲ್ಲ. ನೀ ತಲಿ ಕೆಳಗ ಹಾಕಿ ಆಡು. ಏನರ ಆದ್ರ ಒದರ್ತೀನಿ. ಆಮ್ಯಾಲೆ ನೀ ನಿಂದರು, ನಾ ಆಡ್ತೀನಿ."

"ನಿಮಗೂ ಭಯ ಆಗುತ್ತಾ?"

"ಇಲ್ಲಂದ್ರ ಈ ಮಾತು ಯಾಕ ಹೇಳ್ತಿದ್ದೆ?"

ಒಂದು ವರ್ಷದಲ್ಲಿ ಅವರು ಅದನ್ನು ಒಪ್ಪಿಕೊಂಡದ್ದು ಅದೇ ಮೊದಲು. ಅವರು ನನಗೆ ಬೆನ್ನು ಹಾಕಿ ನಿಂತರು. ನಾನು ಬಗ್ಗಿದೆ. ಅವರ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು. ಕ್ಲಬ್ ಹಿಂದಕ್ಕೆ ಹೋಯಿತು, ಬಂತು, ಚೆಂಡಿನ ಅಡಿಯಲ್ಲಿ ಸದ್ದಿಲ್ಲದೆ ಜಾರಿತು. ನಾನು ಹುಲ್ಲನ್ನೇ ನೋಡುತ್ತಿದ್ದೆ. ಚೆಂಡಿದ್ದಲ್ಲಿ ಎರಡು ಎಳೆ ಹುಲ್ಲು ಮಲಗಿದ್ದವು, ನಿಧಾನವಾಗಿ ಏಳುತ್ತಿದ್ದವು.

"ಎಲ್ಲಿಗೆ ಹೋಯ್ತು?" ತಲೆ ಎತ್ತದೆ ಕೇಳಿದೆ.

"ನನಗೇನ್ ಗೊತ್ತು? ನಾ ಅವನ್ನ ನೋಡ್ಲಿಕ್ಕತ್ತೀನಲ್ಲ."

"ಏನ್ ಮಾಡ್ತಿದಾನೆ?"

"ಬಾಳಿಹಣ್ಣು ತಿನ್ಲಿಕ್ಕತ್ಯಾನ."

ನಾನು ಹೋಗಿ ಅವರ ಜಾಗದಲ್ಲಿ ನಿಂತೆ. ಅವನು ಸಿಪ್ಪೆಯನ್ನು ಮಡಚಿ ಚೀಲದ ಜೇಬಿಗೆ ಹಾಕಿಕೊಳ್ಳುವವರೆಗೂ ಕಣ್ಣು ತೆಗೆಯಲಿಲ್ಲ. ನನ್ನ ಬೆನ್ನ ಹಿಂದೆ ಭಾವ ಚೆಂಡು ಇಟ್ಟುಕೊಳ್ಳುತ್ತಿದ್ದರು.